ಹಗಲು ಹೇಳಿದ ಕತೆ

೩ ಫೆಬ್ರುವರಿ ೧೯೫೫, ಗುರುವಾರ. ಸೂಡಿ

ರೋಣದ ಸಾಲೆಯ ನೋಟುಬುಕ್ಕಿನಲ್ಲಿ ಅರ್ಧಕ್ಕೂ ಹೆಚ್ಚು ಹಾಳೆ ಖಾಲಿ ಉಳಿದಿವೆ. ಮನೆಯಲ್ಲಿ ಸುಮ್ಮನೆ ಕೂತರೆ ನನಗೆ ಕಾಲು ನಿಲ್ಲುವುದಿಲ್ಲ, ಹೊರಗೆ ಹೋದರೆ ಅವ್ವ ಬೈಯುತ್ತಾಳೆ. ಬರೆಯುತ್ತ ಕೂತರೆ ಮಾತ್ರ ಏನೋ ಅಭ್ಯಾಸ ಮಾಡುತ್ತಿದ್ದಾಳೆಂದು ತಿಳಿದು ಬಿಟ್ಟುಬಿಡುತ್ತಾಳೆ. ಆದ್ದರಿಂದ ಬರೆಯುತ್ತೇನೆ. ನಡೆದದ್ದನ್ನು ಮಾತ್ರ.

ಸಾಲೆ ಬಿಟ್ಟದ್ದು ಹೀಗೆ. ಕನ್ನಡ ಪರೀಕ್ಷೆಯಲ್ಲಿ ಮುದುಕಿ, ಬಾವಿ, ಬಂಗಾರದ ಬಳೆ, ಪಶ್ಚಾತ್ತಾಪ ಎಂದು ಕೊಟ್ಟು ಇವುಗಳಿಂದ ಕಥೆ ಬೆಳೆಸಿರಿ ಎಂದಿತ್ತು. ‘ಅಂಥ ಮುದುಕಿಯನ್ನು ನಾನು ನೋಡಿಲ್ಲ’ ಎಂದು ಬರೆದು ಕೊಟ್ಟೆ. ಮಹಾಲಿಂಗಪ್ಪ ಸರ್ ಅದನ್ನು ವರ್ಗದಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು.

“ಕಥಿಗೆ ದೇಶ ಬೇಕು, ಕಾಲ ಬೇಕು, ಪಾತ್ರ ಬೇಕು, ಸಂಘರ್ಷ ಬೇಕು. ನೀ ನೋಡಿರಬೇಕಂತ ಎಲ್ಲಿ ಹೇಳೇನಿ?”

“ನೋಡಲಾರದ್ದನ್ನ ನೋಡಿದಂಗ ಹೇಳೂದು ಸುಳ್ಳಲ್ಲೇನ್ರಿ ಸರ?”

“ಹೊರಗ ನಿಂದ್ರು. ನಿಂತು ವಿಚಾರ ಮಾಡು.”

ನಿಂತು ವಿಚಾರ ಮಾಡಿದೆ. ಮಧ್ಯಾಹ್ನದ ಬಸ್ಸು ಹತ್ತಿ ಊರಿಗೆ ಬಂದೆ. ಮತ್ತೆ ಹೋಗಲಿಲ್ಲ.

ಅಪ್ಪ ಸಿಟ್ಟಾಗಲಿಲ್ಲ. “ಚಲೋ ಆತು ಬಿಡು. ಯುಗಾದಿ ಮುಂದ ಮದುವಿ ಮುಗಿಸೂಣು” ಎಂದ. ಮದುವೆ ಮೈಲಾರಪ್ಪ ಮಾವನ ಜೊತೆ. ಅವ್ವನ ತಮ್ಮ. ಹಿಂದಿನ ಓಣಿಯಲ್ಲಿ ತನ್ನ ತಾಯಿ, ಅಂದರೆ ನಮ್ಮ ಆಯಿಯ ಜೊತೆ ಇದ್ದಾನೆ. ನಾನು ಹುಟ್ಟಿದ ದಿನವೇ ಆಯಿ ಇದನ್ನು ಗೊತ್ತು ಮಾಡಿಟ್ಟಳಂತೆ.

ಮಾವ ಕೆಟ್ಟವನಲ್ಲ. ಹೊಂಡದಲ್ಲಿ ನನಗೆ ಈಸು ಕಲಿಸಿದವನು ಅವನೇ. ಕೆಟ್ಟವನಾಗಿದ್ದರೆ ಸುಲಭವಿತ್ತು. ಈ ಮದುವೆ ಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದರೆ ಖರೇ ಹೇಳಬೇಕಾಗುತ್ತದೆ. ಕೇಳದೆ ಇರುವುದೇ ಒಳ್ಳೆಯದು.

೫ ಫೆಬ್ರುವರಿ, ಶನಿವಾರ

ನಿನ್ನೆ ಹೊಳೆವ್ವ ಮಾಳಿಗೆಯ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಳು. ನನ್ನ ತಂಗಿಗೆ ಇನ್ನೂ ಆರು ವರ್ಷ. ಗಜೇಂದ್ರಗಡದಿಂದ ಎಲುಬು ಕಟ್ಟುವ ಹಾಲಸಿದ್ದಪ್ಪ ಬಂದು ಬಿದಿರಿನ ಪಟ್ಟಿ ಇಟ್ಟು ಬಿಗಿದು ಹೋಗಿದ್ದಾನೆ. “ಕೂಸು ಅಳ್ಳಾಡಿತೋ, ಕಾಲು ಸೊಟ್ಟ ಕೂಡತೈತಿ. ಮಲಗಿದಲ್ಲೇ ಇರಬೇಕು” ಎಂದಿದ್ದಾನೆ. ಈ ಕೂಸು ನಿದ್ದೆಯಲ್ಲಿ ಕೂಡ ಸುಮ್ಮನಿರುವುದಿಲ್ಲ.

ಮಾವ ಇವತ್ತು ಬೆಳಿಗ್ಗೆ ಕೆಂದ ಎತ್ತನ್ನು ಹೊಡೆದುಕೊಂಡು ನರಗುಂದದ ಸಂತೆಗೆ ಹೋದ. ಅದಕ್ಕೆ ವಯಸ್ಸಾಯಿತು, ಮಾರಿದರೆ ಮದುವೆಯ ಸೀರೆಗೆ ಆದೀತು ಎಂದು ಆಯಿ ಹೇಳಿದಳು. ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು, “ಯಾವ ಬಣ್ಣದ್ದು ತರಲಿ, ಸಿದ್ದಿ?” ಎಂದು ಕೇಳಿದ. “ಎತ್ತು ಮಾರಬ್ಯಾಡ” ಎಂದೆ. ಅವನು ನಕ್ಕು ಹೋದ. ನಾನು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ಎಂದು ಆಮೇಲೆ ಹೊಳೆಯಿತು.

೮ ಫೆಬ್ರುವರಿ, ಮಂಗಳವಾರ

ಹೊಳೆವ್ವ ಮುಂಜಾನೆಯಿಂದ ಅಳುತ್ತಿದ್ದಳು. ಕತೆ ಬೇಕಂತೆ. ಆಯಿ ದಿನಾ ದೀಪ ಹಚ್ಚಿದ ಮೇಲೆ ಬಂದು ಒಂದು ಕತೆ ಹೇಳುತ್ತಾಳೆ; ಹೊಳೆವ್ವ ಮಾತುಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಕೊನೆಗೆ ಆಯಿ ‘ಅವರು ಅಲ್ಲಿ, ನಾವು ಇಲ್ಲಿ’ ಎಂದು ಹೇಳಿಯೇ ಏಳುತ್ತಾಳೆ, ಎಷ್ಟೇ ನಿದ್ದೆ ಬಂದಿದ್ದರೂ.

“ಈಗ ಹೇಳ ಆಯಿ” ಎಂದಳು ಹೊಳೆವ್ವ.

“ಯವ್ವಾ, ಹಗಲಿ ಕತಿ ಹೇಳಬಾರದು. ಸ್ವಾದರಮಾವ ದಾರಿ ತಪ್ಪತಾನ. ನಿಮ್ಮ ಮಾವ ಬ್ಯಾರೆ ದಾರ್ಯಾಗ ಅದಾನ.” ಹೀಗೆಂದು ಆಯಿ ತನ್ನ ಮನೆಗೆ ಹೋದಳು. ಅವ್ವ ಹೊಲಕ್ಕೆ ಹೋದಳು. ಹೊಳೆವ್ವ ಸಿಟ್ಟಿಗೆ ಮುರಿದ ಕಾಲನ್ನೇ ಎತ್ತಿ ಬಡಿಯಲು ನೋಡಿದಳು.

ಇಲ್ಲಿ ಕೂತು ನಾಲ್ಕು ಮಾತು ಆಡಿದರೆ ಅಲ್ಲಿ ಒಬ್ಬ ಮನುಷ್ಯನಿಗೆ ದಾರಿ ತಪ್ಪುತ್ತದೆ ಅನ್ನುವುದಕ್ಕಿಂತ ದೊಡ್ಡ ಸುಳ್ಳು ಯಾವುದಿದೆ? ನಾನೇ ಕತೆ ಹೇಳಿದೆ.

“ಒಬ್ಬ ಮನುಷ್ಯಾ ಇದ್ದ.”

“ಹೂಂ. ಏನ ಅಂವನ ಹೆಸರು?”

“ಗೊತ್ತಿಲ್ಲ.”

“ಹೆಸರಿಲ್ಲಂದ್ರ ಅಂವನ್ನ ಹ್ಯಾಂಗ ಕರೀತಾರ?”

“ಯಾರೂ ಕರಿಯಂಗಿಲ್ಲ. ನಡಕೋತ ಹೊಂಟಿದ್ದ.”

“ಎಲ್ಲಿ?”

ಸರ್ ಹೇಳಿದ ದೇಶ ಇದೇ ಇರಬೇಕು. ನೋಡದ ಜಾಗ ಹೇಳಬಾರದೆಂದು ರೋಣದ ದಾರಿಯನ್ನೇ ಹೇಳಿದೆ: ಎರಡೂ ಕಡೆ ಕಪ್ಪು ಎರೆಹೊಲ, ಬೇವಿನ ಗಿಡ, ಕಲ್ಲುಕಂಬ ಮುರಿದ ನಮ್ಮ ಊರ ಬಾವಿ. ಜೊತೆಗೆ ಯಾರಿದ್ದರು ಎಂದು ಕೇಳಿದಳು. ಒಂದು ಎತ್ತು ಎಂದೆ. ಆಮೇಲೆ ಎತ್ತು ಏನಾಯಿತು? ಎತ್ತಿಗೆ ದಾರಿ ಗೊತ್ತಿತ್ತು, ಅದು ಮನೆಗೆ ಹೋಯಿತು, ಅವನೊಬ್ಬನೇ ಉಳಿದ ಎಂದೆ. ದಾರಿ ಕೇಳುತ್ತಾನೆ, ಜನ ಸರಿಯಾಗಿಯೇ ತೋರಿಸುತ್ತಾರೆ, ನಡೆದು ನಡೆದು ಮತ್ತೆ ಅದೇ ಮುರಿದ ಕಂಬದ ಬಾವಿಗೆ ಬರುತ್ತಾನೆ.

ಹೊಳೆವ್ವ ಕಾಲು ಅಲ್ಲಾಡಿಸಲಿಲ್ಲ. ಮಧ್ಯಾಹ್ನವಿಡೀ ಹೂಂ, ಹೂಂ ಎಂದಳು. ಆ ಮನುಷ್ಯನೊಬ್ಬನನ್ನು ಬಿಟ್ಟರೆ ಉಳಿದದ್ದೆಲ್ಲ ನಾನು ನೋಡಿದ್ದೇ.

೯ ಫೆಬ್ರುವರಿ, ಬುಧವಾರ

ಇವತ್ತು ನೆತ್ತಿಯ ಮೇಲೆ ಬಿಸಿಲಿದ್ದಾಗ ಕೆಂದ ಎತ್ತು ಒಂಟಿಯಾಗಿ ಬಂದು ಆಯಿಯ ಬಾಗಿಲಲ್ಲಿ ನಿಂತಿತು. ಹಗ್ಗ ಹಿಂದೆ ನೆಲದ ಮೇಲೆ ಬಿದ್ದಿತ್ತು. ಹರಿದಿರಲಿಲ್ಲ, ಬಿಚ್ಚಿದಂತೆ ಇತ್ತು.

“ಮಾರಾಟ ಆಗಿರಲಿಕ್ಕಿಲ್ಲ. ತಿರುಗಿ ಬರೂಮುಂದ ಕೈ ತಪ್ಪಿಸಿಕೊಂಡೈತಿ. ಇಂದೋ ನಾಳೆನೋ ಮೈಲಾರಪ್ಪನೂ ಬರತಾನ” ಎಂದ ಅಪ್ಪ.

ಎತ್ತಿಗೆ ಮನೆಯ ದಾರಿ ಗೊತ್ತಿರುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ಬರೆದಿಡುತ್ತಿದ್ದೇನೆ, ಅಷ್ಟೆ.

೧೨ ಫೆಬ್ರುವರಿ, ಶನಿವಾರ

ಮಾವ ಬಂದಿಲ್ಲ. ಜವಳಿ ಗಂಟು ಹೊತ್ತು ಊರೂರು ತಿರುಗುವ ಮೆಹಬೂಬಸುಭಾನಿ ಇವತ್ತು ನಮ್ಮ ಕಟ್ಟೆಯ ಮೇಲೆ ಗಂಟು ಇಳಿಸಿ ಅವ್ವನಿಗೆ ಹೇಳಿದ: “ನಿಮ್ಮ ತಮ್ಮಗ ಚ್ಯಾಷ್ಟಿ ಭಾಳ ಆಗೇತ್ರಿ, ಗೌರವ್ವಕ್ಕಾರ. ಮೊನ್ನಿ ಬೆಳವಣಕಿ ಹತ್ರ ಭೆಟ್ಟಿ ಆದ. ‘ಸೂಡಿಗಿ ಯಾ ಕಡೆ ಹೋಗಬೇಕು’ ಅಂತ ನನ್ನ ಕೇಳತಾನ! ‘ಲೇ, ನಿಮ್ಮೂರ ದಾರಿ ನಾ ಹೇಳಬೇಕೇನೋ’ ಅಂತ ನಕ್ಕೆ. ಅಂವ ನಗಲಿಲ್ಲ. ಬೆರಳು ಮಾಡಿ ತೋರಿಸಿದೆ. ಹೂಂ ಅಂದ. ಅಂದಂವನ ತಿರುಗಿ ನರಗುಂದದ ಕಡೆ ಹೊಂಟ.”

“ಕುಡದಿದ್ದನೇನು?” ಎಂದಳು ಅವ್ವ.

“ಛೇ, ಇಲ್ರಿ. ಆದ್ರ ಯಾರೂ ಇಲ್ಲದಲ್ಲೆ ಒಬ್ಬಾವನ ಹೂಂ, ಹೂಂ ಅನಕೋತ ಹೊಂಟಿದ್ದ. ಯಾರೋ ಮಗ್ಗಲದಾಗ ಮಾತಾಡಿದಂಗ.”

ಒಳಗೆ ಹೊಳೆವ್ವ ನನ್ನ ಸೆರಗು ಜಗ್ಗಿದಳು. “ಅಕ್ಕಾ, ಆಮ್ಯಾಲ?”

೧೪ ಫೆಬ್ರುವರಿ, ಸೋಮವಾರ

ಅಪ್ಪ ಮತ್ತು ಪಕ್ಕದ ಮನೆಯ ಶಿವನಪ್ಪ ಕಾಕಾ ನಿನ್ನೆ ಹುಡುಕಲು ಹೋಗಿ ಇವತ್ತು ಬರಿಗೈಯಲ್ಲಿ ಬಂದರು. ರೋಣದಿಂದ ಸೂಡಿಗೆ ಬರುವವನು ಜಕ್ಕಲಿಗೆ ಹೋಗುವ ಕೆಲಸವೇ ಇಲ್ಲ. ಆದರೂ ಮಾವ ಜಕ್ಕಲಿಯಲ್ಲಿ ಒಂದು ಕಟ್ಟೆಯ ಮೇಲೆ ಕೂತಿದ್ದನಂತೆ. ಅಲ್ಲಿಯವರು ರೊಟ್ಟಿ ಕೊಟ್ಟು ಹೆಸರು ಕೇಳಿದರೆ ಹೇಳಲಿಲ್ಲವಂತೆ.

“ಹೇಳಲಿಲ್ಲ ಅಂತಲ್ಲ. ಹುಡುಕಿದನಂತ. ಹುಡುಕಿದ್ರೂ ಸಿಗಲಿಲ್ಲಂತ” ಎಂದ ಶಿವನಪ್ಪ ಕಾಕಾ. “ಕಂಬ ಮುರದ ಬಾವಿಗಿ ಹೊಳ್ಳಿ ಹೊಳ್ಳಿ ಬರಾಕತ್ತೇನಿ ಅಂದನಂತ. ಜಕ್ಕಲ್ಯಾಗ ಅಂಥಾ ಬಾವಿ ಎಲ್ಲೈತಿ? ಅದು ನಮ್ಮೂರದು.”

ಆಯಿ ಎತ್ತಿನ ಮೈ ತಿಕ್ಕುತ್ತ ಕೂತಿದ್ದಳು.

೧೫ ಫೆಬ್ರುವರಿ, ಮಂಗಳವಾರ

ದಿನಾ ಮಧ್ಯಾಹ್ನ ಹೇಳುತ್ತಿದ್ದ ಕತೆ ಇವತ್ತು ಹೇಳಲಿಲ್ಲ. ಹೊಳೆವ್ವ ಅತ್ತಳು. ಹೇಳಲಿಲ್ಲ.

೧೬ ಫೆಬ್ರುವರಿ, ಬುಧವಾರ

ನರೇಗಲ್ಲಿನಿಂದ ಬಂದವರು ನಿನ್ನೆ ಮಾವನನ್ನು ನೋಡಿದರಂತೆ. ಬೆಳಿಗ್ಗೆ ಹೋಗುವಾಗ ಒಂದು ಗಿಡದ ಬುಡದಲ್ಲಿ ನಿಂತಿದ್ದನು, ಸಂಜೆ ಬರುವಾಗಲೂ ಅಲ್ಲೇ ನಿಂತಿದ್ದನು. ಒಂದು ಕಾಲು ಮುಂದಿಟ್ಟು ಹಾಗೆಯೇ.

ಕೇಳಿದ ಕೂಡಲೇ ಒಳಗೆ ಹೋಗಿ ಹೊಳೆವ್ವನ ಹತ್ತಿರ ಕೂತೆ. “ಅಂವ ಮುಂದ ಹೊಂಟ” ಎಂದೆ.

“ಹೂಂ!” ಎಂದಳು ಹೊಳೆವ್ವ.

ಅವನ ಎಡಗಾಲಿನ ಚಪ್ಪಲಿ ಹರಿದಿದೆ. ಹೆಬ್ಬೆರಳಿನ ಹತ್ತಿರ. ಕೊಯ್ದ ಹಿಂಗಾರಿ ಜೋಳದ ಕೂಳೆ ಚುಚ್ಚಿ ರಕ್ತ ಬಂದು ಒಣಗಿದೆ. ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದಾನೆ. ಇವನ್ನು ನಾನು ಕಟ್ಟಿ ಹೇಳಲಿಲ್ಲ. ಕಂಡದ್ದನ್ನು ಹೇಳಿದೆ. ಹೊಳೆವ್ವ ಕೇಳಿದ ಪ್ರಶ್ನೆಗೆಲ್ಲ ಉತ್ತರ ಇತ್ತು, ಹುಡುಕಬೇಕಾಗಿರಲಿಲ್ಲ. ಸರ್ ಹೇಳಿಕೊಟ್ಟ ಕತೆಯ ಅಂಗಗಳಲ್ಲಿ ನಿರೂಪಕ ಅಂತ ಒಂದಿತ್ತು. ಎಲ್ಲವನ್ನೂ ಮೇಲಿನಿಂದ ನೋಡುವವನು, ಪಾತ್ರದ ಮನಸ್ಸಿನೊಳಗೂ ಹೋಗಬಲ್ಲವನು. ಆಗ ಅದು ಎಂಥ ಪೊಳ್ಳು ಮಾತು ಅನಿಸಿತ್ತು.

ಅವನು ಎರಡು ದಾರಿ ಕೂಡುವಲ್ಲಿ ಬಂದು ನಿಂತ. ಒಂದು ಮನೆಗೆ. “ಯಾ ಕಡೆ ಹೋದ?” ಎಂದಳು ಹೊಳೆವ್ವ. ಮನೆಯ ಕಡೆ ಎಂದು ಹೇಳಲು ಬಾಯಿ ತೆರೆದೆ. ಇನ್ನೊಂದು ಕಡೆ ಎಂದೆ.

ಏಕೆ ಎಂದು ಬರೆದರೆ ಖರೇ ಬರೆಯಬೇಕು. ಬರೆಯುವುದಿಲ್ಲ.

೧೮ ಫೆಬ್ರುವರಿ, ಶುಕ್ರವಾರ

ಹೊಳೆವ್ವ ಬಾಯಿ ಬಿಟ್ಟಳು. ಆಯಿ ಸಂಜೆ ಕತೆ ಹೇಳಲು ಬಂದಾಗ, “ನಿಂದು ಬ್ಯಾಡ ಆಯಿ, ಅಕ್ಕನ ಕತಿ ಚಲೋ ಐತಿ. ಅದರಾಗ ಒಬ್ಬಾಂವಗ ಮನಿ ಸಿಗವಲ್ದು” ಎಂದಳು.

ಆಯಿ ನನ್ನನ್ನು ಹೊರಗೆ ಕರೆದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

“ಯಾವಾಗ ಸುರು ಮಾಡಿದಿ?”

“ಎತ್ತು ಬರೂ ಹಿಂದಿನ ದಿನ.”

“ಮುಗಿಸಿದೇನು?”

“ಇಲ್ಲ.”

“ಖೋಡಿ, ನನ್ನ ಮಗನ್ನ ದಾರ್ಯಾಗ ನಿಂದರಿಸಿ ನೀ ಇಲ್ಲಿ ರೊಟ್ಟಿ ತಿನ್ನಾಕತ್ತಿ?”

ಅದು ಬರೀ ಕತೆ, ನಾನು ಅವನ ಹೆಸರು ಕೂಡ ಹೇಳಿಲ್ಲ ಎನ್ನಬೇಕೆಂದಿದ್ದೆ. ಹೆಸರು ಎನ್ನುವಾಗ ಜಕ್ಕಲಿಯ ಕಟ್ಟೆ ನೆನಪಾಯಿತು.

“ಹಗಲಿ ಹೇಳಿದ್ದನ್ನ ಹಗಲಿನ ಮುಗಿಸಬೇಕು. ಯಾರು ಕಟ್ಟ್ಯಾರೋ ಅವರ ಬಿಚ್ಚಬೇಕು. ನಾಳೆ ಅಂವನ್ನ ಮನಿ ಮುಟ್ಟಿಸು, ಸಿದ್ದಿ. ನಿನ್ನ ಕಾಲು ಬೀಳತೀನಿ.” ಆಯಿ ನಿಜವಾಗಿ ಬಗ್ಗಿದಳು. ನಾನು ಹಿಂದೆ ಸರಿದೆ.

೧೯ ಫೆಬ್ರುವರಿ, ಶನಿವಾರ

ಇವತ್ತು ಮಧ್ಯಾಹ್ನ ಮುಗಿಸಿದೆ. ಮರೆಯುವ ಮೊದಲು ಆಡಿದ ಮಾತು ಆಡಿದ ಹಾಗೆಯೇ ಬರೆಯುತ್ತೇನೆ.

“ಅಂವ ನಮ್ಮ ಬಾವಿ ಹತ್ರ ಬಂದ” ಎಂದೆ.

“ಹೂಂ.”

“ಅಲ್ಲಿಂದ ನಮ್ಮ ಗುಡಿ ಜೋಡು ಕಳಸ ಕಾಣತಾವ. ಇನ್ನ ಮನಿ ಭಾಳ ದೂರ ಇಲ್ಲ.”

“ಹೂಂ. ಬಂದನೇನು?”

“ಮನ್ಯಾಗ ಮದುವಿ ಐತಿ ಅಂತ ಲಗೂ ಲಗೂ ಬಂದ” ಎಂದೆ. ಹೀಗೆ ಹೇಳುತ್ತಿರುವಾಗಲೇ ಅವನು ಬಾವಿಯ ಕಡೆ ತಿರುಗಿ ನಡೆಯುವುದು ನನಗೆ ಕಂಡಿತು. ನಾನು ಒಂದು ಹೇಳುತ್ತಿದ್ದೆ, ಅವನು ಇನ್ನೊಂದು ಮಾಡುತ್ತಿದ್ದ.

“ಖರೇ ಹೇಳಕ್ಕಾ” ಎಂದಳು ಹೊಳೆವ್ವ. ಅವಳಿಗೆ ಹೇಗೆ ಗೊತ್ತಾಯಿತೋ.

“ಬರಲಿಲ್ಲ.”

“ಯಾಕ?”

“ಬರಬಾರದು ಅಂತ ಒಬ್ಬಾಕಿಗೆ ಅನಸತಿತ್ತು.”

“ಯಾರು ಆಕಿ?”

“ನಾನು.”

“ನೀ ಯಾಕ ಕತಿಯಾಗ ಬಂದಿ?”

“ಗೊತ್ತಿಲ್ಲ. ಹೂಂ ಅನ್ನು.”

“ಹೂಂ.”

ಅವನ ಹೆಸರು ಮೈಲಾರಪ್ಪ ಎಂದೆ. ಹಾಗೆಂದಾಗ ಅವನು ಬಾವಿಯ ಹತ್ತಿರ ತಲೆ ಎತ್ತಿದ. ನಾನು ಎಲ್ಲಿ ನಿಂತಿದ್ದೆನೋ ತಿಳಿಯದು, ಅವನ ಮುಖ ನನ್ನ ಮುಖದಷ್ಟು ಹತ್ತಿರವಿತ್ತು. ಆಮೇಲೆ ನಾನು ಹೊಳೆವ್ವನಿಗೆ ಹೇಳಲಿಲ್ಲ, ಅವನಿಗೇ ಹೇಳಿದೆ.

“ಮಾವಾ, ನನಗ ನಿನ್ನ ಮದುವಿ ಆಗೂದು ಬ್ಯಾಡ. ನೀ ಕೆಟ್ಟಾಂವ ಅಂತಲ್ಲ. ನೀ ನನಗ ಮಾವ ಅಷ್ಟ. ಸೀರಿ ಬಣ್ಣ ಕೇಳಿದಿಯಲ್ಲ, ಆವತ್ತ ಹೇಳಬೇಕಿತ್ತು. ನೀ ಮಾವ ಆಗೇ ಮನಿಗಿ ಬಾ. ಕಟ್ಟಿ ಮ್ಯಾಲ ಕೂಡು, ನೀರು ಕೇಳು, ತಂದು ಕೊಡತೀನಿ.”

“ಹೂಂ.”

“ಬಾವಿ ಬಿಟ್ಟು ಬಲಕ್ಕ ತಿರುಗು.”

“ಹೂಂ.”

“ಇನ್ನ ಸೀದಾ ಬಾ.”

“ಹೂಂ.”

ಅವನು ಬಂದು ಕೂತ, ನೀರು ಕುಡಿದ, ಕತೆ ಮುಗಿಯಿತು ಎಂದು ಹೊಳೆವ್ವನ ಕಡೆ ನೋಡಿದೆ. ಅವಳು ಬಾಯಿ ತೆರೆದು ಮಲಗಿದ್ದಳು. ಜೊಲ್ಲು ಕಿವಿಯವರೆಗೆ ಹರಿದು ಒಣಗಿತ್ತು. ಮಲಗಿ ಬಹಳ ಹೊತ್ತಾಗಿರಬೇಕು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

೨೦ ಫೆಬ್ರುವರಿ, ಭಾನುವಾರ

ಬಂದ. ಬಿಸಿಲು ಏರಿದಾಗ ನಮ್ಮ ಕಟ್ಟೆಯ ಮೇಲೆ ಕೂತು, “ನೀರು ಕೊಡ್ರಿ” ಎಂದ. ಅವ್ವ ಚೀರಿಕೊಂಡು ಆಯಿಯನ್ನು ಕರೆಯಲು ಓಡಿದಳು. ತಂಬಿಗೆ ನಾನೇ ತಂದು ಕೊಟ್ಟೆ. ಎಡಗಾಲಿನ ಚಪ್ಪಲಿ ಹೆಬ್ಬೆರಳಿನ ಹತ್ತಿರ ಹರಿದಿತ್ತು. ನೋಡಬಾರದೆಂದುಕೊಂಡಿದ್ದೆ, ನೋಡಿದೆ.

ಆಯಿ ಅವನ ಮುಖ ಸವರಿ, “ಎಲ್ಲಿಗಿ ಹೋಗಿದ್ಯೋ ನನ್ನಪ್ಪಾ?” ಎಂದು ಅತ್ತಳು.

“ಎಲ್ಲಿಗೂ ಇಲ್ಲಬೇ. ನಡಿ ಅಂದಂಗ ನಡದೆ” ಎಂದ ಮಾವ. ನೀರು ಕುಡಿದು ತಂಬಿಗೆ ಕೆಳಗಿಟ್ಟ. “ಯವ್ವಾ, ಸಿದ್ದಿಗಿ ಈ ಮದುವಿ ಬ್ಯಾಡಂತ. ಇನ್ನ ಆ ಮಾತು ತಗೀಬ್ಯಾಡ್ರಿ.”

ಅಪ್ಪ ಎದ್ದು ನಿಂತ. “ನಿನಗ ಯಾರ ಹೇಳಿದ್ರು?”

“ಆಕಿನ ಹೇಳಿದಳು. ನಿನ್ನಿ. ಬಾವಿ ಹತ್ರ.”

“ಆಕಿ ನಿನ್ನಿ ಹೊಸ್ತಲಾ ದಾಟಿಲ್ಲೋ” ಎಂದಳು ಅವ್ವ.

ಎಲ್ಲರೂ ನನ್ನ ಕಡೆ ನೋಡಿದರು. ಈ ಸಲ ಕೇಳಿಯೇಬಿಟ್ಟರು. “ಖರೇ ಏನು?” ಎಂದ ಅಪ್ಪ. “ಖರೇ” ಎಂದೆ. ಅಪ್ಪ ಕೈ ಎತ್ತಿದ. ಆಯಿ ನಡುವೆ ಬಂದು ನಿಂತಳು. “ಹುಡುಗೀನ ಮುಟ್ಟಬ್ಯಾಡ್ರಿ. ನನ್ನ ಮಗಾ ಬಂದಾನಲ್ಲ, ಸಾಕು” ಎಂದಳು. ಅಲ್ಲಿಗೆ ಮದುವೆಯ ಮಾತು ಮುಗಿಯಿತು.

೬ ಮಾರ್ಚ್, ಭಾನುವಾರ

ಬಹಳ ದಿನ ಬರೆದಿಲ್ಲ. ಹೊಳೆವ್ವನ ಕಟ್ಟು ಬಿಚ್ಚಿದ್ದಾರೆ. ಕಾಲು ಸೊಟ್ಟಾಗಿಲ್ಲ. ಜೂನ್ ತಿಂಗಳಲ್ಲಿ ನಾನು ತಿರುಗಿ ರೋಣದ ಸಾಲೆಗೆ ಹೋಗುತ್ತೇನೆಂದೆ. ಅಪ್ಪ ಇನ್ನೂ ಮಾತಾಡುತ್ತಿಲ್ಲ. ಬೇಡವೆಂದೂ ಹೇಳಿಲ್ಲ.

ಮಾವ ಮನೆಯಲ್ಲೇ ಇರುತ್ತಾನೆ. ಊಟ ಮಾಡು ಅಂದರೆ ಮಾಡುತ್ತಾನೆ. ಎತ್ತಿಗೆ ಮೇವು ಹಾಕು ಅಂದರೆ ಹಾಕುತ್ತಾನೆ. ಇವತ್ತು ಗಜೇಂದ್ರಗಡಕ್ಕೆ ಹೋಗಿ ಕಾಳು ತರಬೇಕಿತ್ತು. ಬೆಳಿಗ್ಗೆ ಹೋದವನು ಊರ ಹೊರಗೆ ಎರಡು ದಾರಿ ಒಡೆಯುವಲ್ಲಿ ನಿಂತೇ ಇದ್ದಾನೆ ಎಂದು ಮಧ್ಯಾಹ್ನ ಶಿವನಪ್ಪ ಕಾಕಾ ಬಂದು ಹೇಳಿದ. ಒಂದು ಕಾಲು ಮುಂದಿಟ್ಟು.

ಆಯಿ ನನ್ನ ಹತ್ತಿರ ಬಂದಳು.

“ಕತಿ ಮುಗಿಸಿದ ಮ್ಯಾಲ ‘ಅವರು ಅಲ್ಲಿ, ನಾವು ಇಲ್ಲಿ’ ಅಂದಿದ್ದಿಯಲ್ಲ?”

“ಇಲ್ಲ.”

“ಯಾಕ?”

“ಅಂವ ಇಲ್ಲೇ ಬರಬೇಕಿತ್ತಲ್ಲ ಆಯಿ. ಅಲ್ಲಿ ಅಂದ್ರ ಸುಳ್ಳಾಗತಿತ್ತು.”

ಆಯಿ ಗೋಡೆ ಹಿಡಿದು ಕೂತಳು. “ಹಂಗಂದಾಗ ಕತಿಯಾಗಿನವರು ಕತಿಯಾಗ ಉಳಿತಾರ, ನಾವು ನಮ್ಮ ಮನ್ಯಾಗ ಉಳಿತೀವಿ. ಬಾಗಿಲಿಗೆ ಅಗಳಿ ಇದ್ದಂಗ ಅದು.”

“ಈಗ ಅನ್ನಲೇನು?”

“ಈಗ ಅಂದ್ರ ಅಂವ ಯಾ ಕಡೆ ಉಳಿತಾನ, ಯಾರಿಗ ಗೊತ್ತು? ಅನಬ್ಯಾಡ” ಎಂದಳು.

ನಾನೇ ಹೋದೆ. ಬಿಸಿಲಿಗೆ ಎರೆಹೊಲದಿಂದ ಕಾವು ಏಳುತ್ತಿತ್ತು. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಾವ ಎರಡು ದಾರಿಗಳ ನಡುವೆ ನಿಂತಿದ್ದ. ನೆರಳು ಅವನ ಪಾದದ ಕೆಳಗೇ ಇತ್ತು. ಹಿಂದಿನಿಂದ ಹೋದವಳು ನಾನು, ಅವನು ತಿರುಗಿ ನೋಡಲಿಲ್ಲ. ಆದರೂ ನನ್ನ ಬಾಯಿಯ ಕಡೆಗೇ ಕಿವಿ ಇಟ್ಟಿದ್ದಾನೆ ಅನಿಸಿತು.

“ಮಾವಾ, ಗಜೇಂದ್ರಗಡ ಎಡಕ್ಕ ಐತಿ” ಎಂದೆ.

“ಹೂಂ” ಎಂದ. ಮುಂದಿಟ್ಟ ಕಾಲನ್ನು ಎತ್ತಿ ಎಡದ ದಾರಿಗೆ ಇಟ್ಟ. ಎರಡು ಹೆಜ್ಜೆ ನಡೆದು ನಿಂತ.

“ಆಮ್ಯಾಲ?” ಎಂದ.